ಬಲಗಡೆಯಿಂದ ಬರೆದ ಗಣಿತ

ನನಗೆ ಹುಟ್ಟಿನಿಂದಲೇ ಒಂದು ಕಡೆ ಕೂರುವ ಸ್ವಭಾವವಿಲ್ಲ. ಉಣ್ಣಲು ಕೂತರೂ ನಡುವೆ ಎದ್ದು ಬಾಗಿಲಿಗೆ ಹೋಗಿ ಬರುತ್ತಿದ್ದೆ. “ಕಾಲಿಗಿ ಚಕ್ರ ಕಟ್ಕೊಂಡು ಹುಟ್ಟೀಯೇನ?” ಎಂದು ಅವ್ವ ಬೈಯುತ್ತಿದ್ದಳು. ಅಂಥ ನನ್ನನ್ನು ಎಪ್ಪತ್ತರ ದಶಕದ ಶುರುವಿನ ಒಂದು ಜೂನಿನಲ್ಲಿ ಕಲ್ಯಾಣದ ಕಾಲೇಜಿನ ಪಡಸಾಲೆಯಲ್ಲಿ ಮಧ್ಯಾಹ್ನದವರೆಗೆ ಒಂದೇ ಬೆಂಚಿನ ಮೇಲೆ ಕೂರಿಸಿದ್ದರು. ಪಿಯುಸಿ ಸೈನ್ಸಿಗೆ ಹೆಸರು ಹಚ್ಚಲು ಅಪ್ಪನ ಜೊತೆ ಹುಮನಾಬಾದಿನಿಂದ ಮೊದಲ ಬಸ್ಸಿಗೆ ಬಂದಿದ್ದೆ.

ಅಲ್ಲಿ ವಿಷಯಕ್ಕೊಂದು ಮೇಜು, ಮೇಜಿಗೊಬ್ಬ ಮೇಷ್ಟರು. ಒಂದು ಚೀಟಿ ಹಿಡಿದು ಪ್ರತಿ ಮೇಜಿನಲ್ಲೂ ಸಹಿ ಹಾಕಿಸಿಕೊಳ್ಳಬೇಕು. ಎಲ್ಲ ಸಹಿ ಬಿದ್ದ ಮೇಲೆಯೇ ಆಫೀಸಿನವರು ಫೀ ತೆಗೆದುಕೊಳ್ಳುವುದು. ಫಿಸಿಕ್ಸಿನವರು “ಮೊದಲ ಗಣಿತದ ಸಹಿ ತಗೊಂಡ್ ಬಾ” ಎಂದರು. ಕೆಮಿಸ್ಟ್ರಿಯವರು “ಫಿಸಿಕ್ಸ್ ಆಗ್ಲಿ” ಎಂದರು. ಹೀಗೆ ನನ್ನ ಹಣೆಬರಹವೆಲ್ಲ ಮೂಲೆಯ ಗಣಿತದ ಮೇಜಿಗೆ ಹೋಗಿ ನಿಂತಿತು. ಅಲ್ಲಿದ್ದವರು ಮೈಸೂರು ಕಡೆಯ ತೆಳ್ಳಗಿನ ಮೇಷ್ಟರು, ಸುಮ್ಮನೆ ನಗುವ ಪೈಕಿಯವರಲ್ಲ.

“ಫಸ್ಟ್ ಕ್ಲಾಸು, ಸರಿ. ಆದರೆ ನೀನು ಹೈಸ್ಕೂಲಿನಲ್ಲಿ ಬೀಜಗಣಿತವನ್ನೇ ಓದಿಲ್ಲವಲ್ಲಮ್ಮ. ಅದಿಲ್ಲದೆ ಇಲ್ಲಿ ಸೇರಿಸಿಕೊಳ್ಳೋ ಹಾಗಿಲ್ಲ.”

ಓದಿಲ್ಲ ನಿಜ. ನಮ್ಮ ಹುಡುಗಿಯರ ಶಾಲೆಯಲ್ಲಿ ಅದನ್ನು ಕಲಿಸುವವರೇ ಇರಲಿಲ್ಲ. ಹೆಣ್ಣುಮಕ್ಕಳಿಗೆ ಸಂತೆಯ ಲೆಕ್ಕ ಬಂದರೆ ಸಾಕೆಂದು ಸಣ್ಣ ಗಣಿತ ಕೊಟ್ಟು, ಉಳಿದ ವೇಳೆಗೆ ಸೂಜಿ ದಾರ ಕೊಟ್ಟಿದ್ದರು. ಕೊಡದೆ ಇದ್ದವರು ಅವರು, ಶಿಕ್ಷೆ ನನಗೆ. ಸಿಟ್ಟಿಗೆ ನನ್ನ ಕಿವಿ ಬಿಸಿಯಾಯಿತು.

ಅಪ್ಪ ಬೆಲ್ಲ, ಎಣ್ಣೆಯ ವ್ಯಾಪಾರಿ. ಚೌಕಾಸಿ ಮಾಡಿದರೆ ಬಗ್ಗದ ಮಾತು ಲೋಕದಲ್ಲಿಲ್ಲ ಎಂದು ನಂಬಿದವನು. ಕೈಮುಗಿದು ಮೇಜಿನ ಮೇಲೆ ಬಾಗಿ, “ಸಾಹೇಬ್ರ, ನೀವು ಆಕಿಗಿ ಏನೂ ಕಲಸಬ್ಯಾಡ್ರಿ. ಹಿಂದಿನ ಬೆಂಚಿನ್ಯಾಗ ಸುಮ್ನ ಕೂಡಿಸ್ರಿ. ಚಿಟಗುಪ್ಪಾದಾಗ ಒಂದು ವರ ನೋಡಾಕತ್ತೀವಿ. ಅದು ಕೂಡಿ ಬರೂತನಕ ಇರ್ತಾಳ್ರಿ, ನಿಮಗ ತ್ರಾಸ್ ಕೊಡಂಗಿಲ್ಲ” ಎಂದ.

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಕಲಿಸುವುದು ಭಾರವಾಗುತ್ತದೆಂದೇ ಮೇಷ್ಟರು ಬೇಡವೆನ್ನುತ್ತಿದ್ದಾರೆ ಎಂದು ತಿಳಿದು, ಆ ಭಾರ ಇಳಿಸಿಕೊಡಲು ಹೋಗಿದ್ದ. ನನಗೋ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಮೇಷ್ಟರು ಮೊದಲ ಸಲ ನನ್ನ ಮುಖ ನೋಡಿದರು.

“ನೋಡಮ್ಮ, ಸೇರಿಸಿಕೊಳ್ಳೋ ಕೆಲಸ ಈ ತಿಂಗಳ ಕೊನೆಗೆ ಮುಗಿಯತ್ತೆ. ಅಷ್ಟರೊಳಗೆ ಎಲ್ಲಿಂದಾದರೂ ಕಲಿತು ಬಾ. ಬೋರ್ಡಿನ ಮುಂದೆ ನಿಲ್ಲಿಸಿ ನೋಡ್ತೀನಿ. ಬಂದರೆ ಸಹಿ ಹಾಕ್ತೀನಿ, ಪ್ರಿನ್ಸಿಪಾಲರಿಗೆ ನಾನೇ ಹೇಳ್ತೀನಿ. ಬರದಿದ್ದರೆ ಆರ್ಟ್ಸು.”

ಆರ್ಟ್ಸಿನ ಮಾತು ನಮ್ಮ ಮನೆಯಲ್ಲಿ ನಡೆಯುವಂತಿರಲಿಲ್ಲ. “ಸೈನ್ಸ್ ಸಿಕ್ರ ಕಲ್ಯಾಣ, ಇಲ್ಲಂದ್ರ ಚಿಟಗುಪ್ಪಾ” ಎಂದು ಅಪ್ಪ ಬಸ್ಸಿನಲ್ಲೇ ತೀರ್ಮಾನ ಕೊಟ್ಟ.

ಎಲ್ಲಿಂದ ಕಲಿಯುವುದು? ಹುಡುಗರ ಶಾಲೆಯ ಮಾಸ್ತರರು ಬೇಸಿಗೆ ರಜೆಗೆ ಊರಿಗೆ ಹೋದವರು ತಿರುಗಿ ಬಂದಿರಲಿಲ್ಲ. ನಾನು ಅಡುಗೆಮನೆಯಿಂದ ಅಂಗಳಕ್ಕೆ, ಅಂಗಳದಿಂದ ಅಡುಗೆಮನೆಗೆ ತಿರುಗುವುದನ್ನು ನೋಡಲಾರದೆ ಅವ್ವ ಕೊನೆಗೆ ತನ್ನ ಅಣ್ಣನ ಹೆಸರು ತೆಗೆದಳು.

ಮಾಮಾ ನಿಜಾಮರ ಕಾಲದಲ್ಲಿ ಗಣಿತದ ಮಾಸ್ತರರಾಗಿದ್ದವರು. ಆಗ ಓದಿದ್ದೂ ಉರ್ದುವಿನಲ್ಲಿ, ಕಲಿಸಿದ್ದೂ ಉರ್ದುವಿನಲ್ಲಿ. ಐವತ್ತಾರರಲ್ಲಿ ನಮ್ಮ ಸೀಮೆ ಮೈಸೂರಿಗೆ ಸೇರಿ ಶಾಲೆಗಳು ಕನ್ನಡಕ್ಕೆ ತಿರುಗಿದಾಗ, ಕನ್ನಡ ಪರೀಕ್ಷೆ ಪಾಸು ಮಾಡಿದರೆ ಮಾತ್ರ ನೌಕರಿ ಎಂದು ಹೇಳಿದ್ದರಂತೆ. ಮನೆಮಾತು ಕನ್ನಡವೇ, ಆದರೆ ಓದಿ ಬರೆಯುವ ಕನ್ನಡ ಬರುತ್ತಿರಲಿಲ್ಲ. ಅವರು ಪರೀಕ್ಷೆಗೆ ಕೂರಲಿಲ್ಲ. ನೌಕರಿ ಬಿಟ್ಟು ಹೊಲ ನೋಡಿಕೊಂಡಿದ್ದರು. ಸೊಕ್ಕಿನಿಂದ ಬಿಟ್ಟರೆಂದು ಊರೆಲ್ಲ ಆಡಿಕೊಂಡಿತ್ತು. ನಾನೂ ಹಾಗೆಯೇ ತಿಳಿದಿದ್ದೆ.

ಅವರ ಮನೆಗೆ ಓಡಿದೆ. ನನ್ನ ಮಾತು ಪೂರ್ತಿ ಕೇಳುವ ಮೊದಲೇ ಮಾಮಾ ತಮ್ಮ ಜಗುಲಿಯ ಕರಿಕಲ್ಲನ್ನು ನೀರು ಹಾಕಿ ತೊಳೆದು, ಸುಣ್ಣದ ತುಂಡು ಹಿಡಿದರು. ಮರುದಿನದಿಂದ ಅದೇ ನಮ್ಮ ಬೋರ್ಡು. ಅವರ ಗಣಿತದಲ್ಲಿ ಎಕ್ಸ್ ಇರಲಿಲ್ಲ, ‘ಲಾ’ ಇತ್ತು. ವೈ ಇರಲಿಲ್ಲ, ‘ಮಾ’ ಇತ್ತು. ಸಮೀಕರಣಕ್ಕೆ ಮುಸಾವಾತ್, ವರ್ಗಕ್ಕೆ ಮುರಬ್ಬಾ. ಬರೆಯುವುದು ಬಲದಿಂದ ಎಡಕ್ಕೆ. ನನಗೆ ಉರ್ದು ಅಕ್ಷರ ಬರುತ್ತಿರಲಿಲ್ಲವಾದ್ದರಿಂದ ಲಾ, ಮಾಗಳನ್ನು ಕನ್ನಡದಲ್ಲಿ ಬರೆದು, ದಿಕ್ಕು ಮಾತ್ರ ಅವರದ್ದನ್ನೇ ಹಿಡಿದೆ. ಕೂತು ಕಲಿಯೆಂದು ಅವರು ಒಮ್ಮೆಯೂ ಹೇಳಲಿಲ್ಲ. ನಾನು ಅಂಗಳದಲ್ಲಿ ತಿರುಗುತ್ತಾ ಉತ್ತರ ಕೂಗುವುದು, ಅವರು ತಪ್ಪಿದಲ್ಲಿ ಕಲ್ಲಿಗೆ ಸುಣ್ಣ ಕುಟ್ಟುವುದು. ಆಗಿನಷ್ಟು ಸುಖವಾಗಿ ನಾನು ಮುಂದೆಂದೂ ಏನನ್ನೂ ಕಲಿಯಲಿಲ್ಲ. ಕಾಲೇಜಿನಲ್ಲಿ ಲೆಕ್ಕ ಬೇರೆ ರೀತಿ ಬರೆಯುತ್ತಾರೆಂಬುದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ. ಗಣಿತ ಅಂದರೆ ಗಣಿತ ಎಂದುಕೊಂಡಿದ್ದೆವು.

ತಿಂಗಳ ಕೊನೆಗೆ ಮಾಮಾನೇ ನನ್ನ ಜೊತೆ ಕಲ್ಯಾಣಕ್ಕೆ ಬಂದರು. ಇಸ್ತ್ರಿಯ ಶೇರ್ವಾನಿ ಹಾಕಿಕೊಂಡಿದ್ದರು. ನೌಕರಿ ಬಿಟ್ಟ ಮೇಲೆ ಅದನ್ನು ಅವರ ಮೈಮೇಲೆ ನೋಡಿದವರಿರಲಿಲ್ಲ.

ಮೇಷ್ಟರು ಬೋರ್ಡಿನ ಮೇಲೆ ಒಂದು ಲೆಕ್ಕ ಹಾಕಿ ನನ್ನ ಕೈಗೆ ಸೀಮೆಸುಣ್ಣ ಕೊಟ್ಟರು. ನಾನು ನೆಟ್ಟಗೆ ಬಲತುದಿಗೆ ನಡೆದೆ. ಅವರ ಎಕ್ಸ್ ನಮ್ಮ ಲಾ ಇರಬೇಕೆಂದು ಊಹಿಸಿ ಎಡಕ್ಕೆ ಬರೆಯುತ್ತಾ ಬಂದೆ. ಬಾಗಿಲಲ್ಲಿ ನಿಂತಿದ್ದ ಹುಡುಗರು ಕಿಸಕ್ಕೆಂದರು. ಒಬ್ಬ, “ಎಮ್ಮಿ ಹಿಂದಕ್ ನಡದಂಗ” ಎಂದ. ತಿರುಗಿ ಅವನಿಗೆ ಎರಡು ಬಾರಿಸಬೇಕೆನಿಸಿತು, ಆದರೆ ಲೆಕ್ಕ ಅರ್ಧಕ್ಕಿತ್ತು. ಮುಗಿಸಿ ಹಿಂದೆ ಸರಿದೆ.

ಮೇಷ್ಟರು ಎಡದಿಂದ ಓದಲು ಹೋಗಿ ತಡೆದರು. “ಏನಮ್ಮ ಇದು? ಕನ್ನಡದಲ್ಲಿ ಬಿಡಿಸಿ ಹೇಳು” ಎಂದರು. ನಾನು ಬಾಯಿ ತೆರೆದರೆ ಮುಸಾವಾತ್, ಮುರಬ್ಬಾಗಳೇ ಬಂದವು. ಬೇರೆ ಮಾತೇ ನನ್ನಲ್ಲಿರಲಿಲ್ಲ. ಚಿಟಗುಪ್ಪಾದ ಬಸ್ಸು ಕಣ್ಣೆದುರು ಬಂದು ನಿಂತಿತು.

ಆಗ ಮಾಮಾ ಒಳಗೆ ಬಂದರು. “ಸಾಹೇಬ್ರ, ಆಕಿದೇನೂ ತಪ್ಪಿಲ್ರಿ. ನಾ ಹಿಂಗ ಕಲಿಸೀನಿ. ನಮಗ ಹಿಂಗೇ ಕಲಿಸಿದ್ರು.”

“ಈ ಲಾ ಅಂದರೆ?”

“ನಾಮಾಲೂಮ್ ರಿ. ಗೊತ್ತಿಲ್ಲದ್ದು, ಹುಡುಕಬೇಕಾದದ್ದು.”

ಮೇಷ್ಟರು ಬೋರ್ಡಿನ ಬಲತುದಿಗೆ ಹೋಗಿ, ಬೆರಳಿಟ್ಟು ಒಂದೊಂದೇ ಹೆಜ್ಜೆ ಓದುತ್ತಾ ಎಡಕ್ಕೆ ಬಂದರು. ಉತ್ತರದ ಹತ್ತಿರ ನಿಂತು, “ಎರಡು ಉತ್ತರ ಬರೆದಿದ್ದೀಯಲ್ಲ, ಯಾವುದು ಸರಿ?” ಎಂದರು.

“ಎರಡೂ ಸರಿ ಅವ ರಿ. ಹಾಕಿ ನೋಡ್ರಿ” ಎಂದೆ. ಸಿಟ್ಟಿನಲ್ಲಿ ಧ್ವನಿ ಸ್ವಲ್ಪ ಜೋರಾಗಿಯೇ ಬಂತು. ಅವರು ಚೀಟಿ ತೆಗೆದುಕೊಂಡು, ಮೇಜಿಗೆ ಹೋಗಿ ಕೂತು ಸಹಿ ಹಾಕಿದರು.

“ದಸರೆಯೊಳಗೆ ನಮ್ಮ ಪದಗಳನ್ನ ಕಲಿತುಕೋ. ಸಂಜೆ ಕ್ಲಾಸು ಮುಗಿದ ಮೇಲೆ ಬಾ, ನಾನೇ ಹೇಳಿಕೊಡ್ತೀನಿ.”

ಮಾಮಾ ಅವರನ್ನೇ ನೋಡುತ್ತಿದ್ದರು. “ಆಗ ನನಗೂ ಕನ್ನಡ ಕಲ್ತ ಬಾ ಅಂತೇ ಅಂದಿದ್ರು, ಸಾಹೇಬ್ರ” ಎಂದರು. “ಬಾ, ನಾ ಹೇಳಿಕೊಡ್ತೀನಿ ಅಂದವ್ರು ಯಾರೂ ಇರ್ಲಿಲ್ಲ.”

ಮೇಷ್ಟರು ಎದ್ದು ನಿಂತು ತಮ್ಮ ಕುರ್ಚಿಯನ್ನು ಅವರ ಕಡೆ ಸರಿಸಿದರು. ಮಾಮಾ ಕೂರಲಿಲ್ಲ. ಬಸ್ಸಿನ ಹೊತ್ತಾಯಿತೆಂದು ನನ್ನನ್ನು ಆಫೀಸಿನ ಕಡೆ ನಡೆಸಿದರು.

ಆ ವರ್ಷ ಶನಿವಾರಕ್ಕೊಮ್ಮೆ ಹುಮನಾಬಾದಿಗೆ ಬಂದಾಗ ಮೊದಲು ಮಾಮಾನ ಮನೆಗೇ ಓಡುತ್ತಿದ್ದೆ. ಆ ವಾರ ಕಲಿತ ಪದಗಳನ್ನು ಅಂಗಳದಲ್ಲಿ ತಿರುಗುತ್ತಾ ಒಪ್ಪಿಸುತ್ತಿದ್ದೆ. ಸಮೀಕರಣ. ವರ್ಗಮೂಲ. ಅವರು “ಹ್ಞೂಂ” ಅನ್ನುತ್ತಿದ್ದರೇ ಹೊರತು ತಾವಾಗಿ ಒಂದನ್ನೂ ಬಾಯಲ್ಲಿ ಹೇಳುತ್ತಿರಲಿಲ್ಲ. ದಸರೆಯ ರಜೆಗೆ ಬಂದಾಗ ಅವರು ಹೊಲಕ್ಕೆ ಹೋಗಿದ್ದರು. ಜಗುಲಿಯ ಕಲ್ಲಿನ ಮೇಲೆ ನಾನು ಬೋರ್ಡಿನಲ್ಲಿ ಬಿಡಿಸಿದ್ದ ಅದೇ ಲೆಕ್ಕವಿತ್ತು. ಎಡದಿಂದ ಬಲಕ್ಕೆ ಬರೆದಿತ್ತು. ಮೇಲೆ ಮಗುವಿನ ಕೈಬರಹದಂಥ ದಪ್ಪ ಕನ್ನಡ ಅಕ್ಷರಗಳಲ್ಲಿ ‘ಸಮೀಕರಣ’ ಎಂದಿತ್ತು.

ಒಂದು ತಪ್ಪೂ ಇರಲಿಲ್ಲ. ಆ ವೇಳೆಗೆ ಅವರ ಜೊತೆಯ ಮಾಸ್ತರರೆಲ್ಲ ಪೆನ್ಶನ್ ಪಡೆದು ಮನೆ ಸೇರಿದ್ದರು. ಅವತ್ತು ಮಾಮಾ ಹೊಲದಿಂದ ಬರುವವರೆಗೂ ನಾನು ಆ ಕಲ್ಲಿನ ಮುಂದೆ ಕೂತೇ ಇದ್ದೆ.