ಹಳದಿ ಪುಡಿಯ ಅರ್ಧ ಪರೀಕ್ಷೆ

ಈ ಬರಹದಲ್ಲಿ ಲೋಪಗಳಿದ್ದರೆ ಓದುವವರು ದಯವಿಟ್ಟು ಮನ್ನಿಸಬೇಕು. ನಾನು ವಿಜ್ಞಾನ ಓದಿದ್ದು ಇಂಗ್ಲಿಷಿನಲ್ಲಿ. ಅದನ್ನು ಕನ್ನಡದಲ್ಲಿ ಹೇಳುವಾಗ ಎಲ್ಲಿ ಮಾತು ಸಡಿಲವಾಗಿಬಿಡುತ್ತದೋ ಎಂಬ ಅಳುಕು ನನಗೆ ಇಂದಿಗೂ ಹೋಗಿಲ್ಲ. ಒಮ್ಮೆ ಹಾಗೆ ಸಡಿಲವಾಗಿ ಆಡಿದ ಮಾತಿನ ಬಗ್ಗೆಯೇ ಬರೆಯಲು ಕುಳಿತಿರುವುದರಿಂದ ಆ ಅಳುಕು ಈಗ ಇನ್ನಷ್ಟು ಹೆಚ್ಚಿದೆ.

ನಮ್ಮದು ಕುಣಿಗಲ್. ಅಪ್ಪ ಅಲ್ಲಿನ ಕುದುರೆ ಫಾರಂನಲ್ಲಿ ಕುದುರೆಗಳ ಮೈ ಉಜ್ಜಿ, ಮೇವು ನೀರು ನೋಡಿಕೊಳ್ಳುವ ಕೆಲಸದಲ್ಲಿದ್ದರು. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲಿಗಳು. ತೊಂಬತ್ತರ ದಶಕದ ಕೊನೆಯಲ್ಲಿ, ನಾನು ಎಂ.ಎಸ್ಸಿ.ಗೆ ಸೇರುತ್ತೇನೆಂದಾಗ ಅಪ್ಪ ಒಪ್ಪಲಿಲ್ಲ. ಗುಬ್ಬಿಗೆ ಮದುವೆಯಾಗಿ ಹೋಗಿದ್ದ ಅಕ್ಕ ಸುದ್ದಿ ತಿಳಿದು ಬಂದವಳು, ಚಪ್ಪಲಿ ಬಿಡುವ ಮೊದಲೇ, "ನಮ್ಮನೇಲಿದ್ಕೊಂಡು ಓದ್ಲಿ ಬುಡಪ್ಪ. ನಾನು ಏಳ್ನೇ ಕ್ಲಾಸಿಗೆ ಬುಟ್ಟಿದ್ದು ಸಾಲ್ದಾ?" ಎಂದಳು. ಅಪ್ಪ ಒಪ್ಪಿದರು. ಅಂದಿನಿಂದ ನಾನು ಗುಬ್ಬಿಯಲ್ಲಿ ಅಕ್ಕನ ಮನೆಯಲ್ಲಿದ್ದು, ಬೆಳಗಿನ ರೈಲಿನಲ್ಲಿ ತುಮಕೂರಿಗೆ ಹೋಗಿ ಸಂಜೆ ಮರಳುತ್ತಿದ್ದೆ.

ಅಕ್ಕ ಊರ ಹೊರಗಿನ ಒಂದು ಸಣ್ಣ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿ ಪ್ಲಾಸ್ಟಿಕ್ ಬಿಂದಿಗೆಗಳನ್ನು ತಯಾರಿಸುತ್ತಿದ್ದರು. ಬಿಳಿಯ ಪ್ಲಾಸ್ಟಿಕ್ ಕಾಳುಗಳಿಗೆ ಹಳದಿ ಬಣ್ಣದ ಪುಡಿ ಸುರಿದು, ಡ್ರಮ್ಮಿನಲ್ಲಿ ಕೈಯಾಡಿಸಿ ಬೆರೆಸಿದ ಮೇಲೆ ಅದು ಯಂತ್ರಕ್ಕೆ ಹೋಗುತ್ತಿತ್ತು. ಬೆರೆಸುವ ಕೆಲಸ ಯಾರಿಗೂ ಬೇಡವಾಗಿದ್ದುದರಿಂದ ಅಕ್ಕನೂ ಇನ್ನಿಬ್ಬರು ಹೆಂಗಸರೂ ವಾರಕ್ಕೊಬ್ಬರಂತೆ ಸರದಿ ಹಾಕಿಕೊಂಡಿದ್ದರು. ಮೂಗಿಗೆ ಹಳೆಯ ಸೀರೆಯ ತುಂಡು ಕಟ್ಟಿಕೊಂಡರೂ ಅಕ್ಕ ಸೀನಿದರೆ ಕರವಸ್ತ್ರ ಹಳದಿಯಾಗುತ್ತಿತ್ತು. ಸರದಿಯ ವಾರದಲ್ಲಿ ಭಾವ ಅವಳನ್ನು ಬಾಗಿಲಲ್ಲೇ ತಡೆದು, "ಬಂದ್ಲಪ್ಪ ಮದ್ವೆ ಹೆಣ್ಣು, ಅರಿಶಿಣ ಹಚ್ಕೊಂಡು" ಎಂದು ರೇಗಿಸುತ್ತಿದ್ದರು. "ಗಂಡು ಮಾತ್ರ ಅದೇ ಹಳೇದು" ಎಂದು ಅಕ್ಕ ಬಚ್ಚಲಿಗೆ ನಡೆಯುತ್ತಿದ್ದಳು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಮ್ಮ ಸುತ್ತಮುತ್ತ ಬಳಕೆಯಲ್ಲಿರುವ ಯಾವುದಾದರೂ ರಾಸಾಯನಿಕವನ್ನು ಆರಿಸಿಕೊಳ್ಳಬೇಕೆಂದು ನಮ್ಮ ಮೇಡಂ ಹೇಳಿದಾಗ ನನಗೆ ಮೊದಲು ನೆನಪಾದದ್ದು ಈ ಪುಡಿ. ಅಕ್ಕನೇ ಅದನ್ನು ಕ್ಯಾಮೆರಾ ರೀಲಿನ ಖಾಲಿ ಡಬ್ಬಿಯಲ್ಲಿ ತಂದುಕೊಟ್ಟಳು.

ಪರೀಕ್ಷೆಯನ್ನು ನನಗೆ ತಿಳಿದ ಮಟ್ಟಿಗೆ ವಿವರಿಸುತ್ತೇನೆ. ಅದಕ್ಕೆ ಬಳಸುವ ಬ್ಯಾಕ್ಟೀರಿಯಾಗಳಿಗೆ ಒಂದು ಹುಟ್ಟು ಕುಂದು ಇರುತ್ತದೆ. ತಮಗೆ ಬೇಕಾದ ಒಂದು ಪೋಷಕಾಂಶವನ್ನು ಅವು ತಾವೇ ತಯಾರಿಸಿಕೊಳ್ಳಲಾರವು. ಆ ಪೋಷಕಾಂಶ ಸಾಕಷ್ಟು ಇಲ್ಲದ ಗಾಜಿನ ತಟ್ಟೆಯ ಮೇಲೆ ಅವು ಬೆಳೆಯುವುದಿಲ್ಲ. ಬೆಳೆಯಬೇಕಾದರೆ ಅವುಗಳ ವಂಶವಾಹಿಯಲ್ಲಿ ಬದಲಾವಣೆಯಾಗಿ ಆ ಕುಂದು ನೀಗಬೇಕು. ಅಂಥ ಬದಲಾವಣೆ ಅಪರೂಪಕ್ಕೆ ತಾನಾಗಿಯೇ ಆಗುವುದುಂಟು. ಆದರೆ ಪುಡಿ ಸೇರಿಸಿದ ತಟ್ಟೆಯಲ್ಲಿ ಚುಕ್ಕೆ ಚುಕ್ಕೆಯಾಗಿ ಬಹಳ ಹೆಚ್ಚು ಬೆಳವಣಿಗೆ ಕಂಡರೆ, ಪುಡಿಯೇ ವಂಶವಾಹಿಯನ್ನು ಕೆಡಿಸುತ್ತಿದೆ ಎಂದು ಅನುಮಾನಿಸಬೇಕಾಗುತ್ತದೆ.

ಮೊದಲ ಪರೀಕ್ಷೆಯಲ್ಲಿ ಪುಡಿ ಹಾಕಿದ ತಟ್ಟೆಗೂ ಹಾಕದ ತಟ್ಟೆಗೂ ವ್ಯತ್ಯಾಸ ಕಾಣಲಿಲ್ಲ. ನನಗೆ ಹಿಗ್ಗಾಯಿತು. ಮೇಡಂ ಮಾತ್ರ ನಗಲಿಲ್ಲ.

"ಇದು ಅರ್ಧ ಪರೀಕ್ಷೆ ಕಣಮ್ಮ. ಬ್ಯಾಕ್ಟೀರಿಯಾಕ್ಕೆ ಲಿವರ್ ಇಲ್ಲ, ನಮಗಿದೆ. ಕೆಲವು ಬಣ್ಣ ಲಿವರ್‌ನಲ್ಲಿ ಬದಲಾದ ಮೇಲೇನೇ ಕೆಟ್ಟದ್ದಾಗೋದು. ಇಲಿ ಲಿವರ್‌ನ ಸಾರ ಬೆಂಗಳೂರಿಂದ ತರಿಸ್ತೀನಿ. ಅದನ್ನ ಬೆರೆಸಿ ನೋಡೋವರೆಗೂ ಯಾರಿಗೂ ಏನೂ ಹೇಳ್ಬೇಡ."

ಆ ಸಂಜೆ ನಾನು ಮನೆ ತಲುಪಿದಾಗ ಅಕ್ಕನೂ ಆ ಇಬ್ಬರು ಹೆಂಗಸರೂ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು.

"ಏನಂತೇ ನಮ್ ಪುಡಿ?" ಎಂದಳು ಅಕ್ಕ.

"ಏನೂ ಇಲ್ಲ ಬಿಡಕ್ಕ."

"ಕೇಳುಸ್ಕೊಂಡ್ರಾ? ಎಂ.ಎಸ್ಸಿ. ಓದ್ತಿರೋಳು ಹೇಳ್ತಾವ್ಳೆ. ಇನ್ಮೇಲೆ ಕ್ಯಾತೆ ತೆಗೀರಿ, ನೋಡ್ತೀನಿ."

ಇಬ್ಬರಲ್ಲಿ ಹಿರಿಯಳು ನನ್ನತ್ತ ಒಂದು ಅವರೆಕಾಯಿ ಎಸೆದು, "ನಿನ್ ತಂಗಿ ತಿನ್ಸಿರೋದು ಹುಳಕ್ಕೆ ಕಣವ್ವ, ನಮ್ಗಲ್ಲ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ಹೇಳಿದ್ದು ಸರಿ ಎಂದು ಒಪ್ಪಿ, ಅರ್ಧ ಪರೀಕ್ಷೆಯ ವಿಷಯವನ್ನು ಅಲ್ಲೇ ವಿವರಿಸಬಹುದಿತ್ತು. ವಿವರಿಸಲಿಲ್ಲ.

ಮುಂದಿನ ವಾರ ಅಕ್ಕ ಸರದಿಯನ್ನು ನಿಲ್ಲಿಸಿ, ಬೆರೆಸುವ ಕೆಲಸವನ್ನು ಪೂರ್ತಿ ತಾನೇ ವಹಿಸಿಕೊಂಡಳು. ಅದಕ್ಕೆ ಕೂಲಿ ಸ್ವಲ್ಪ ಹೆಚ್ಚು, ಅವಳೇ ಕೊಡುತ್ತಿದ್ದ ನನ್ನ ಪರೀಕ್ಷಾ ಶುಲ್ಕ ಕಟ್ಟುವ ಸಮಯವೂ ಹತ್ತಿರವಾಗಿತ್ತು. ಆಗಲೂ ನಾನು ತಡೆಯಲಿಲ್ಲ. ನನ್ನ ಮಾತು ನಂಬಿಯೇ ಅವಳು ಹೀಗೆ ಮಾಡಿದ್ದೆಂದು ನನಗೆ ತಿಳಿಯಲಿಲ್ಲ ಎಂದು ಬರೆದರೆ ಅದು ಸುಳ್ಳಾಗುತ್ತದೆ. ತಿಳಿದಿತ್ತು, ನನಗೆ ಅನುಕೂಲವೂ ಆಗಿತ್ತು.

ಲಿವರ್ ಸಾರ ಬರಲು ಸುಮಾರು ನಾಲ್ಕು ತಿಂಗಳು ಹಿಡಿಯಿತು. ಫ್ಲಾಸ್ಕಿನಲ್ಲಿ, ಮಂಜುಗಡ್ಡೆಯ ನಡುವೆ ಬಂದ ಅದನ್ನು ಬೆರೆಸಿ ಮತ್ತೆ ಪರೀಕ್ಷೆ ಇಟ್ಟೆವು. ಎರಡು ದಿನಗಳ ನಂತರ ತಟ್ಟೆಗಳನ್ನು ಹೊರತೆಗೆದಾಗ ಚುಕ್ಕೆಗಳನ್ನು ಎಣಿಸುವ ಅಗತ್ಯವೇ ಇರಲಿಲ್ಲ. ಪುಡಿ ಹೆಚ್ಚಿದಷ್ಟೂ ಚುಕ್ಕೆ ಹೆಚ್ಚಿದ್ದವು. ಮೇಡಂ ತಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡಿ, "ಇನ್ನೊಂದು ಸಲ ಮಾಡು. ಅದೂ ಹೀಗೇ ಬಂದ್ರೆ ಬರೆಯೋಣ" ಎಂದರು.

ಮರುಪರೀಕ್ಷೆ ಬೇಗ ಮುಗಿಯಲಿಲ್ಲ. ಲೋಡ್ ಶೆಡ್ಡಿಂಗಿನಿಂದ ಇನ್‌ಕ್ಯುಬೇಟರ್ ಎರಡು ಬಾರಿ ತಣ್ಣಗಾಗಿ, ತಟ್ಟೆಗಳನ್ನು ಎಸೆಯಬೇಕಾಯಿತು. ಹೀಗೆ ಮೂರು ವಾರ ಕಳೆದವು. ಪ್ರತಿ ಸಂಜೆ ಅಕ್ಕ ಮೊಣಕೈವರೆಗೆ ಹಳದಿಯಾಗಿ ಬಂದು ನನ್ನ ಮುಂದೆಯೇ ಕೈ ತೊಳೆಯುತ್ತಿದ್ದಳು. ಖಚಿತವಾಗದೆ ಹೇಳಬಾರದು, ಮೇಡಂ ಹೇಳಿದ್ದಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಇದೇ ಮೇಡಂ ಹೇಳಿದ್ದ ಇದೇ ಮಾತನ್ನು ಮೊದಲ ಸಲ ಒಂದು ಸಂಜೆಯ ಮಟ್ಟಿಗೂ ನಾನು ಪಾಲಿಸಿರಲಿಲ್ಲ. ಒಳ್ಳೆಯ ಸುದ್ದಿಗೆ ಇಲ್ಲದ ಎಚ್ಚರಿಕೆ ಕೆಟ್ಟ ಸುದ್ದಿಗೆ ಎಲ್ಲಿಂದ ಬಂತು ಎಂದು ಈಗ ಕೇಳಿಕೊಂಡರೆ ನನ್ನಲ್ಲಿ ಉತ್ತರವಿದೆ. ಅದನ್ನು ಬರೆಯಲು ನಾಚಿಕೆಯಾಗುತ್ತದೆ. ಅಕ್ಕ ಕೆಲಸ ಬಿಟ್ಟರೆ ನನ್ನ ಓದು ನಿಲ್ಲುತ್ತದೆಂಬ ಹೆದರಿಕೆ ನನಗಿತ್ತು.

ಮರುಪರೀಕ್ಷೆಯ ಫಲಿತಾಂಶವೂ ಹಾಗೆಯೇ ಬಂತು. ಮರುದಿನ ಭಾನುವಾರ. ಬಚ್ಚಲಲ್ಲಿ ಅಕ್ಕ ತಲೆಗೆ ಸೀಗೆಪುಡಿ ಹಚ್ಚಿಕೊಂಡು ಕೂತಿದ್ದಳು, ನಾನು ನೀರು ಹುಯ್ಯುತ್ತಿದ್ದೆ.

"ಅಕ್ಕ, ನಾಳೆಯಿಂದ ಆ ಪುಡಿ ಮುಟ್ಬೇಡ."

"ಯಾಕೇ?"

"ಲಿವರ್ ಸಾರ ಹಾಕಿ ನೋಡಿದ್ವಿ. ಅದು ಒಳ್ಳೇದಲ್ಲ ಅಂತ ಬಂದಿದೆ."

"ಏನೂ ಇಲ್ಲ ಅಂದಿದ್ದಲ್ಲೇ ನೀನು?"

"ಅವತ್ತು ಅರ್ಧ ಮಾತ್ರ ನೋಡಿದ್ದೆ."

ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು. "ಯಾವಾಗ ಗೊತ್ತಾಯ್ತು ನಿಂಗಿದು?"

"ಮೂರು ವಾರ ಆಯ್ತು. ಇನ್ನೊಂದ್ಸಲ ನೋಡಿ ಹೇಳೋಣ ಅಂತ..."

"ಏನೂ ಇಲ್ಲ ಅಂತ ಹೇಳೋಕ್ ಮುಂಚೆ ಎಷ್ಟ್ ಸಲ ನೋಡಿದ್ದೆ?"

"ಒಂದ್ಸಲ."

"ಹೂಂ."

ಅವಳು ತಲೆ ಉಜ್ಜಿಕೊಂಡಳು. ಆಮೇಲೆ ಅವಳೇ, "ನಂಗೇನಾಯ್ತದೆ ಇದ್ರಿಂದ?" ಎಂದಳು.

"ಗೊತ್ತಿಲ್ಲಕ್ಕ. ಬ್ಯಾಕ್ಟೀರಿಯಾದಲ್ಲಿ ಹೀಗಾಯ್ತು ಅಂದ್ರೆ ಮನುಷ್ಯರಿಗೂ ಹೀಗೇ ಆಗುತ್ತೆ ಅಂತ ಹೇಳೋಕಾಗಲ್ಲ. ಆಗಲ್ಲ ಅಂತಾನೂ ಹೇಳೋಕಾಗಲ್ಲ."

"ಇದ್ನ ಅವತ್ತು ಹೇಳ್ಬೇಕಿತ್ತು ಕಣೇ ನೀನು. ನೀರ್ ಹುಯ್ಯಿ, ಕಣ್ ಉರೀತೈತೆ."

ಸೋಮವಾರ ಅಕ್ಕ ಕಾರ್ಖಾನೆಗೆ ಹೋಗಿ, "ನನ್ ತಂಗಿ ಅವತ್ತು ಹೇಳಿದ್ದು ತಪ್ಪು" ಎಂದು ಆ ಇಬ್ಬರಿಗೂ ತಾನೇ ಹೇಳಿದಳಂತೆ. ಅವಳ ಜೊತೆ ಹೋಗಬೇಕಾದದ್ದು ನಾನು. ಅಂದು ಬೆಳಿಗ್ಗೆ ಎಂದಿನಂತೆ ರೈಲು ಹತ್ತಿದೆ. ಆ ಇಬ್ಬರಲ್ಲಿ ಹಿರಿಯಳು ಮತ್ತೆಂದೂ ನಮ್ಮ ಜಗುಲಿಗೆ ಬರಲಿಲ್ಲ. ನನ್ನ ಪ್ರಾಜೆಕ್ಟ್ ವರದಿಗೆ ಒಳ್ಳೆಯ ಅಂಕ ಬಂತು. ಅದರ ಮೊದಲ ಪುಟದಲ್ಲಿ ಮೇಡಂಗೆ, ಕಾಲೇಜಿಗೆ, ಲ್ಯಾಬಿನ ಅಟೆಂಡರಿಗೆ ಕೃತಜ್ಞತೆ ಸಲ್ಲಿಸಿದ್ದೇನೆ. ಅಕ್ಕನ ಪ್ರಸ್ತಾಪ ಅಲ್ಲಿಲ್ಲ.

ಆಮೇಲೆ ಮನೆಯಲ್ಲಿ ಆದ ಬದಲಾವಣೆಗಳು ಇವು. ಅಕ್ಕ ಆ ವಾರವೇ ಕೆಲಸ ಬಿಟ್ಟಳು. ನಾನು ಕುಣಿಗಲ್‌ಗೆ ಹಿಂತಿರುಗಿ, ಉಳಿದ ತಿಂಗಳುಗಳನ್ನು ಬಸ್ಸಿನಲ್ಲಿ ಓಡಾಡಿ ಮುಗಿಸಿದೆ; ಮುಂದಿನ ಶುಲ್ಕವನ್ನು ಅಪ್ಪ ಕಟ್ಟಿದರು. ಕೆಲವು ವರ್ಷಗಳ ನಂತರ ಶಾಲೆಗಳಲ್ಲಿ ಬಿಸಿಯೂಟ ಶುರುವಾದಾಗ ಅಕ್ಕನಿಗೆ ಅಡುಗೆ ಸಹಾಯಕಿಯ ಕೆಲಸ ಸಿಕ್ಕಿತು. ಇದುವರೆಗೆ ಅವಳ ಆರೋಗ್ಯ ಚೆನ್ನಾಗಿದೆ. ಹಬ್ಬಕ್ಕೆ ಕರೆಯುತ್ತಾಳೆ, ಹೋದರೆ ಚೆನ್ನಾಗಿ ಮಾತಾಡಿಸುತ್ತಾಳೆ. ಆದರೆ ಜ್ವರದ ಮಾತ್ರೆಯ ಬಗ್ಗೆಯಾಗಲಿ, ಮಗಳ ಓದಿನ ಬಗ್ಗೆಯಾಗಲಿ, ಅವಳು ನನ್ನನ್ನು ಏನನ್ನೂ ಕೇಳುವುದಿಲ್ಲ.