ಉಲ್ಟಾ ತಿರುಗುವ ಎಂಜಿನ್

ಎಂಜಿನ್‌ಗೆ ಹದಿನೆಂಟು ಲಕ್ಷ, ಅದಕ್ಕೆ ಹೊಂದುವ ಪ್ರೊಪೆಲ್ಲರ್‌ಗೆ ಆರೂವರೆ. ಎರಡನ್ನೂ ಒಟ್ಟಿಗೆ ಕೊಂಡಿದ್ದರೆ ಇಪ್ಪತ್ತೊಂದಕ್ಕೆ ಮುಗಿಯುತ್ತಿತ್ತು. ಮೂರೂವರೆ ಲಕ್ಷ ಹೆಚ್ಚಿಗೆ ಹೋದದ್ದು ನನ್ನ ಜಾಣತನಕ್ಕೆ. ಮಾರುವವನು ಎರಡನ್ನೂ ಸೇರಿಸಿಯೇ ಬೆಲೆ ಹೇಳಿದ್ದ. "ಪ್ರೊಪೆಲ್ಲರ್ ನಮ್ಮಲ್ಲಿದೆ, ಅದನ್ನು ಬಿಟ್ಟು ರೇಟು ಇಳಿಸಿ" ಎಂದು ಮೂರು ದಿನ ಚೌಕಾಸಿ ಮಾಡಿ ಗೆದ್ದವನು ನಾನೇ. ಗೆದ್ದ ಖುಷಿಗೆ ಶಾಪಿನವರಿಗೆಲ್ಲ ಮಸಾಲೆ ದೋಸೆ ಕೊಡಿಸಿದ್ದೆ. ಆ ಖರ್ಚನ್ನು ಇಲ್ಲಿ ಸೇರಿಸಿಲ್ಲ.

ಕಡೂರಿನಲ್ಲಿ ನನ್ನದು ಲೇಥ್ ಮತ್ತು ವೆಲ್ಡಿಂಗ್ ಶಾಪು. ಸೈಕಲ್ ಕ್ಯಾರಿಯರ್‌ಗೆ ಸುಟ್ಟ ಮೋಟರು ಕಟ್ಟಿಕೊಂಡು ಹಳ್ಳಿಯಿಂದ ಹಳ್ಳಿಗೆ ತಿರುಗುತ್ತಿದ್ದ ಕಾಲದಿಂದ ಇಲ್ಲಿಯವರೆಗೆ ಬಂದವನು. ಒಂದು ಗಾಡಿಯ ಎಂಜಿನ್ ಎತ್ತಿ ಇನ್ನೊಂದಕ್ಕೆ ಕೂರಿಸುವುದು ನನಗೆ ಕೈವಶವಾದ ವಿದ್ಯೆ. ಜೀಪಿಗೆ ಟ್ರಾಕ್ಟರಿನದು, ಬೋಟಿಗೆ ಲಾರಿಯದು, ಹೀಗೆ ಎಷ್ಟೋ ಕೂರಿಸಿದ್ದೇನೆ. ಆ ಹೆಸರು ಕೇಳಿಯೇ ಸಾರ್ ನನ್ನನ್ನು ಹುಡುಕಿಕೊಂಡು ಬಂದದ್ದು.

ಸಾರ್ ಎಂದರೆ ವಾಯುಪಡೆಯಿಂದ ನಿವೃತ್ತರಾಗಿ ಅಜ್ಜಂಪುರದ ಹೊರಗೆ ತಮ್ಮ ತಂದೆಯ ಜಮೀನಿನಲ್ಲಿ ನೆಲೆಸಿದ ಪೈಲಟ್. ಎಪ್ಪತ್ತು ದಾಟಿದವರು. ಅವರ ಶೆಡ್ಡಿನಲ್ಲಿ ಎರಡನೇ ಮಹಾಯುದ್ಧದ ಕಾಲದ, ಹಿಂದೊಂದು ಮುಂದೊಂದು ಸೀಟಿನ ತರಬೇತಿ ವಿಮಾನವಿತ್ತು. ಮುಚ್ಚಿಹೋದ ಒಂದು ಫ್ಲೈಯಿಂಗ್ ಕ್ಲಬ್ಬಿನ ಹರಾಜಿನಲ್ಲಿ ಕೊಂಡದ್ದು. ಇಪ್ಪತ್ತರ ವಯಸ್ಸಿನಲ್ಲಿ ಅವರು ಹಾರಲು ಕಲಿತದ್ದು ಇದೇ ಮಾದರಿಯ ವಿಮಾನದಲ್ಲಂತೆ. ಮೂಲ ಎಂಜಿನ್ ಬಿರುಕು ಬಿಟ್ಟಿತ್ತು, ಅದರ ಭಾಗಗಳು ಪ್ರಪಂಚದಲ್ಲೆಲ್ಲೂ ಸಿಗುವಂತಿರಲಿಲ್ಲ. ಹೊಲಕ್ಕೆ ಔಷಧಿ ಹೊಡೆಯುವ ವಿದೇಶಿ ವಿಮಾನಗಳ ಎಂಜಿನ್ ತಂದು ಕೂರಿಸಬಹುದು ಎಂದು ಅವರು ಪತ್ತೆ ಮಾಡಿದ್ದರು.

"ಇದನ್ನ ಇನ್ನೊಂದ್ಸಲ ನಾನೇ ಹಾರಿಸ್ಬೇಕು ಕಣಯ್ಯ," ಎಂದಿದ್ದರು ಮೊದಲ ದಿನವೇ. "ಬೇರೆಯೋರು ಹಾರಿಸೋದನ್ನ ಕೆಳಗೆ ನಿಂತು ನೋಡೋಕೆ ನಾನು ಇಷ್ಟೆಲ್ಲ ಮಾಡ್ತಿಲ್ಲ."

ಆ ವಯಸ್ಸಿನಲ್ಲಿ ಡಾಕ್ಟರು ಕೊಡುವ ಫಿಟ್‌ನೆಸ್ ಕಾಗದಕ್ಕೆ ಆಯಸ್ಸು ಕಡಿಮೆ. ಈ ಸಲದ್ದು ದೀಪಾವಳಿಯವರೆಗೆ. ಮುಂದಿನದು ಸಿಗುತ್ತದೆಂಬ ಭರವಸೆ ಅವರಿಗೇ ಇರಲಿಲ್ಲ.

ಎಂಜಿನ್ ವ್ಯಾಪಾರ ಕುದುರುವ ಹೊತ್ತಿಗೆ ಸಾರ್ ಕಣ್ಣಿನ ಪೊರೆ ತೆಗೆಸಲು ಶಿವಮೊಗ್ಗಕ್ಕೆ ಹೋಗಿದ್ದರು. ಮಾತುಕತೆ ನನ್ನ ತಲೆಗೆ ಬಂತು. ತೂಕ ಕೇಳಿದೆ, ಎಷ್ಟು ಕುದುರೆ ಶಕ್ತಿ ಎಂದು ಕೇಳಿದೆ, ಎಷ್ಟು ಗಂಟೆ ಓಡಿದೆ ಎಂದು ಕೇಳಿದೆ. ಯಾವ ಕಡೆಗೆ ತಿರುಗುತ್ತದೆ ಎಂದು ಕೇಳಲಿಲ್ಲ.

ಪೆಟ್ಟಿಗೆ ಒಡೆದ ದಿನ ತರೀಕೆರೆಯ ಭಾಯ್ ಕೂಡ ಶೆಡ್ಡಿನಲ್ಲಿದ್ದರು. ಎಂಜಿನ್ ಅನ್ನು ವಿಮಾನದ ಮೂತಿಗೆ ಹಿಡಿದಿಡುವ ಕೊಳವೆ ಚೌಕಟ್ಟನ್ನು ಬೆಸೆದವರು ಅವರು. ನನಗಿಂತ ಹತ್ತು ವರ್ಷ ದೊಡ್ಡವರು, ನಮ್ಮ ಸೀಮೆಯಲ್ಲಿ ಅವರಂಥ ವೆಲ್ಡರ್ ಇಲ್ಲ. ಅವರು ಬೆಸೆದ ಒಂದೊಂದು ಗಂಟನ್ನೂ ಬೆಂಗಳೂರಿನಿಂದ ಬರುವ ಲೈಸೆನ್ಸ್ ಇರುವ ಎಂಜಿನಿಯರ್ ಪರೀಕ್ಷೆ ಮಾಡಿ ಸಹಿ ಹಾಕಬೇಕು, ಆಮೇಲೆ ಮುಂದಿನ ಕೆಲಸ. ಆ ಎಂಜಿನಿಯರ್ ಹೊಸ ಎಂಜಿನ್ನಿನ ಕಾಗದ ಓದಿದರು, ಶಾಫ್ಟನ್ನು ಕೈಯಲ್ಲಿ ತಿರುಗಿಸಿದರು, ಗೋಡೆಗೆ ಒರಗಿಸಿದ್ದ ಹಳೆಯ ಪ್ರೊಪೆಲ್ಲರ್ ನೋಡಿದರು.

"ಇದು ಉಲ್ಟಾ ತಿರುಗೋ ಎಂಜಿನ್ನು," ಎಂದರು.

ನಾನು ತಡಮಾಡದೆ ಹೇಳಿದೆ, "ಅದಕ್ಕೇನಂತೆ, ಎರಡು ವೈರು ಅದಲು ಬದಲು ಮಾಡಿದ್ರಾಯ್ತು."

ನಮ್ಮ ಕಡೆ ಬೋರ್‌ವೆಲ್ ಮೋಟರು ಹಿಂದುಮುಂದಾಗಿ ತಿರುಗಿದರೆ ಮಾಡುವುದೇ ಅಷ್ಟು. ಮೂರು ವೈರಿನಲ್ಲಿ ಎರಡನ್ನು ಬದಲಾಯಿಸಿದರೆ ನೀರು ಧೋ ಎಂದು ಬರುತ್ತದೆ. ಎಂಜಿನಿಯರ್ ಮುಖ ಆ ಕಡೆ ತಿರುಗಿಸಿಕೊಂಡರು. ಭಾಯ್ ಮಾತ್ರ ಬಿಡಲಿಲ್ಲ.

"ಸಾಹುಕಾರ್ರೆ, ಹಂಗೇ ಒಂದು ಸ್ಟಾರ್ಟರ್ ಡಬ್ಬಾನೂ ಹಾಕ್ಬಿಡಿ. ಕರೆಂಟ್ ಬಂದಾಗ ಹಾರ್ಲಿ."

ಹಳೆಯ ಪ್ರೊಪೆಲ್ಲರ್ ಅನ್ನು ಈ ಎಂಜಿನ್‌ಗೆ ಹಾಕಿದರೆ ಗಾಳಿ ಹಿಂದಕ್ಕೆ ಹೋಗುವ ಬದಲು ಮುಂದಕ್ಕೆ ಹೋಗುತ್ತದೆ. ಬೇರೆ ದಾರಿಯೇ ಇರಲಿಲ್ಲ. ಅದೇ ಮಾರುವವನಿಗೆ ಮತ್ತೆ ಫೋನ್ ಮಾಡಿದೆ. ಈ ಸಲ ಅವನಿಗೆ ನನ್ನ ಅಗತ್ಯ ಗೊತ್ತಿತ್ತು, ಒಂದು ರೂಪಾಯಿಯೂ ಇಳಿಸಲಿಲ್ಲ. ಸಾರ್ ಊರಿಗೆ ಬಂದ ಮೇಲೆ ಹೋಗಿ ತಪ್ಪು ಒಪ್ಪಿಕೊಂಡೆ. ಹೆಚ್ಚಿಗೆ ಹೋದದ್ದನ್ನು ನನ್ನ ಕೈಯಿಂದ ಕೊಡುತ್ತೇನೆ ಎಂದೆ.

ಅವರು ಕಪ್ಪು ಕನ್ನಡಕ ಸರಿಮಾಡಿಕೊಂಡರು. "ದುಡ್ಡು ಹಂಗಿರ್ಲಿ. ನನ್ನ ಕಾಲಿಗೆ ಏನ್ ಮಾಡ್ತೀಯ?"

ನನಗೆ ಅರ್ಥವಾಗಲಿಲ್ಲ. ಅವರೇ ವಿವರಿಸಿದರು. ವಿಮಾನ ನೆಲದ ಮೇಲೆ ಓಡುವಾಗ, ಎಂಜಿನ್ ತಿರುಗುವ ರಭಸಕ್ಕೆ ಮೂತಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಹಳೆಯ ಎಂಜಿನ್ ಎಡಕ್ಕೆ ಎಳೆಯುತ್ತಿತ್ತು, ಬಲಗಾಲಿನಿಂದ ಪೆಡಲ್ ಒತ್ತಿ ನೇರ ಮಾಡಬೇಕಿತ್ತು. ಇದು ಬಲಕ್ಕೆ ಎಳೆಯುತ್ತದೆ, ಎಡಗಾಲು ಒತ್ತಬೇಕು. ಸಾರ್ ಅವರ ಬಲಗಾಲು ಐವತ್ತು ವರ್ಷದಿಂದ ಯೋಚಿಸದೆ ಒತ್ತುತ್ತಾ ಬಂದಿದೆ. ಓಟದ ನಡುವೆ ತಪ್ಪು ಕಾಲು ಹೋದರೆ ವಿಮಾನ ಗಿರಕಿ ಹೊಡೆದು ರೆಕ್ಕೆ ಮುರಿದುಕೊಳ್ಳುತ್ತದೆ.

ಹಾಗೇ ಆಯಿತು, ಅರ್ಧದಷ್ಟು. ಅನುಮತಿಗಳೆಲ್ಲ ಬಂದು ಮೊದಲ ಸಲ ನೆಲದ ಮೇಲೆ ಓಡಿಸಿದ ದಿನ ಮೂತಿ ಬಲಕ್ಕೆ ಸರಿಯಿತು, ಸಾರ್ ಬಲಗಾಲನ್ನೇ ಒತ್ತಿದರು. ವಿಮಾನ ಜಮೀನಿನ ನಡುವೆ ಸಮತಟ್ಟು ಮಾಡಿದ್ದ ಓಟದ ಪಟ್ಟಿ ಬಿಟ್ಟು ಬದುವಿನವರೆಗೆ ಹೋಗಿ, ರೆಕ್ಕೆಯ ತುದಿಯಿಂದ ಮಣ್ಣು ಕೆರೆದು ನಿಂತಿತು. ಎಂಜಿನಿಯರ್ ಸಾರ್ ಅವರನ್ನು ಇಳಿಸಿಕೊಂಡು ಹೇಳಿದರು, ಬೆಂಗಳೂರಿನಲ್ಲಿ ಇಂಥ ಎಂಜಿನ್ ಹಾರಿಸಿ ಗೊತ್ತಿರುವ ಪೈಲಟ್ ಒಬ್ಬರಿದ್ದಾರೆ, ಅವರನ್ನು ಕರೆಸೋಣ. ಸಾರ್ ಕೈಗವಸು ಕಳಚಿದರು.

"ಕರೆಸ್ಬಿಡಿ," ಎಂದರು.

ನನಗೆ ತಡೆಯಲಾಗಲಿಲ್ಲ. ಅವರ ಕಾಲು ತಪ್ಪಿದ್ದಲ್ಲ, ನಾನು ತಂದ ಎಂಜಿನ್ ತಪ್ಪಿಸಿದ್ದು. "ಒಂದು ತಿಂಗಳು ಕೊಡಿ ಸಾರ್, ಆಮೇಲೆ ಯಾರನ್ನಾದ್ರೂ ಕರೆಸಿ," ಎಂದೆ. ತಿಂಗಳಲ್ಲಿ ಏನು ಮಾಡುತ್ತೇನೆಂದು ನನಗೂ ಗೊತ್ತಿರಲಿಲ್ಲ. ದಾರಿ ತೋರಿಸಿದ್ದು ಭಾಯ್. ಅವರ ತಂದೆ ಲಿಂಗದಹಳ್ಳಿ ಕಡೆಯಿಂದ ಎತ್ತಿನ ಗಾಡಿಯಲ್ಲಿ ಮರ ಸಾಗಿಸುತ್ತಿದ್ದವರು.

"ಎಡಕ್ಕೆ ಕಟ್ಟಿ ರೂಢಿಯಾದ ಎತ್ತನ್ನ ಬಲಕ್ಕೆ ಕಟ್ಟಿದ್ರೆ ಮೊದಲ್ನೇ ದಿನ ಗಾಡಿ ಚರಂಡಿಗೇ ಕಣ್ರೀ," ಎಂದರು. "ನಮ್ಮಪ್ಪ ಹೊಡೀತಿರ್ಲಿಲ್ಲ. ಖಾಲಿ ಗಾಡಿ ಕಟ್ಟಿ ಹದಿನೈದು ದಿನ ಅದೇ ದಾರೀಲಿ ಹೋಗೋದು, ಬರೋದು. ಲೋಡ್ ಹಾಕ್ತಿದ್ದಿದ್ದು ಆಮೇಲೆ."

"ಅಂದ್ರೆ ನನ್ನನ್ನ ಎತ್ತು ಅಂತೀಯ," ಎಂದರು ಸಾರ್.

"ಅಮೃತಮಹಲ್ ತಳಿ ಅಂತ ಇಟ್ಕೊಳ್ಳಿ ಸಾರ್."

ಅವತ್ತು ಸಾರ್ ಮೊದಲ ಬಾರಿಗೆ ನಕ್ಕರು.

ಶಾಪಿಗೆ ಬಂದವನೇ ಹಳೆಯ ಟ್ರಾಕ್ಟರ್ ಸೀಟೊಂದನ್ನು ಚೌಕಟ್ಟಿಗೆ ಬಿಗಿದೆ. ಮುಂದೆ ಸ್ಪ್ರಿಂಗ್ ಹಾಕಿದ ಎರಡು ಪೆಡಲ್, ಅದರ ಮುಂದೆ ಆಳೆತ್ತರದ ಕಬ್ಬಿಣದ ಸರಳು. ನಾನು ಹಿಂದೆ ನಿಂತು ಹಗ್ಗ ಜಗ್ಗಿದರೆ ಸರಳು ಬಲಕ್ಕೆ ವಾಲುತ್ತದೆ, ಸಾರ್ ಎಡಗಾಲು ಒತ್ತಿ ನೆಟ್ಟಗೆ ಮಾಡಬೇಕು. ದಿನಾ ಬೆಳಗ್ಗೆ ತಿಂಡಿಗೆ ಮುಂಚೆ ಒಂದು ಗಂಟೆ. ಅವರು ಪೇಪರ್ ಓದುವಾಗ ಜಗ್ಗಿದೆ, ಫೋನಿನಲ್ಲಿ ಮಗಳ ಜೊತೆ ಮಾತಾಡುವಾಗ ಜಗ್ಗಿದೆ. "ಏನ್ ಜನ್ಮದ ಸೇಡಯ್ಯ ನಿಂದು" ಎಂದು ಬೈದರು. ಬೈಯುತ್ತಲೇ ಎಡಗಾಲು ಒತ್ತಿದರು. ಅಲ್ಲಿಗೆ ಅರ್ಧ ಕೆಲಸವಾಯಿತೆಂದು ನನಗೆ ಗೊತ್ತಾಯಿತು.

ಆಮೇಲೆ ವಿಮಾನದಲ್ಲಿ. ಎಂಜಿನಿಯರ್ ಷರತ್ತು ಹಾಕಿದರು. ಮೇಲೇಳದೆ ಪಟ್ಟಿಯ ಮೇಲೆ ಮೂವತ್ತು ಓಟ, ಒಂದರಲ್ಲೂ ಕಾಲು ತಪ್ಪಬಾರದು. ತಪ್ಪಿದರೆ ಒಂದರಿಂದ ಶುರು. ಮೊದಲು ನಿಧಾನ, ಆಮೇಲೆ ಜೋರು, ಆಮೇಲೆ ಬಾಲ ಎತ್ತಿಕೊಳ್ಳುವಷ್ಟು ವೇಗ. ಇಪ್ಪತ್ತೆರಡನೇ ಓಟದಲ್ಲಿ ಬಲಗಾಲು ಮಿಸುಕಿತು. ಹೊರಗೆ ನಿಂತ ನಮಗೆ ಯಾರಿಗೂ ಕಾಣಿಸಿರಲಿಲ್ಲ. ಸಾರ್ ತಾವೇ ಇಳಿದು ಬಂದು ಹೇಳಿದರು, "ತಪ್ಪಿತು. ಒಂದರಿಂದ." ಹೇಳದಿದ್ದರೆ ನಡೆಯುತ್ತಿತ್ತು. ನಾನಾಗಿದ್ದರೆ ಹೇಳುತ್ತಿರಲಿಲ್ಲ.

ಎರಡನೇ ಸಲ ಮೂವತ್ತೂ ಮುಗಿದವು. ದೀಪಾವಳಿಗೆ ಹನ್ನೆರಡು ದಿನ ಉಳಿದಿತ್ತು. ನಾನು ಹಿಗ್ಗಿ ಒಂದು ಭಾನುವಾರ ಗೊತ್ತು ಮಾಡಿದೆ. ಶಾಮಿಯಾನ ಹಾಕಿಸಿ, ಅಜ್ಜಂಪುರ, ಕಡೂರು, ತರೀಕೆರೆಯ ನೂರೈವತ್ತು ಜನಕ್ಕೆ ಹೇಳಿ, ಉಪ್ಪಿಟ್ಟು ಕೇಸರಿಬಾತ್ ಮಾಡಿಸಿದೆ. ಸಾರ್ ಸೀಟಿನಲ್ಲಿ ಕೂತು, ಬೆಲ್ಟು ಕಟ್ಟಿಕೊಂಡು, ಐದು ನಿಮಿಷ ಪೆಡಲ್ ಒತ್ತಿ ಒತ್ತಿ ನೋಡಿದರು. ಆಮೇಲೆ ಬಿಚ್ಚಿಕೊಂಡು ಇಳಿದರು.

"ಇವತ್ತು ಕಾಲು ಯೋಚನೆ ಮಾಡ್ತಿದೆ ಕಣಯ್ಯ. ಯೋಚನೆ ಮಾಡೋ ಕಾಲು ಬೇಡ."

ಜನ ಉಪ್ಪಿಟ್ಟು ತಿಂದು ಹೋದರು. ಹೋಗುವಾಗ ಒಬ್ಬರು "ಇದು ಹಾರಲ್ಲ, ಇಟ್ಟಿಗೆ ಗೂಡಿಗೆ ಬಾಡಿಗೆ ಕೊಡಿ ಶೆಡ್ಡನ್ನ" ಎಂದರು. ನಾನು ಕೇಳಿಸದವನಂತೆ ಕುರ್ಚಿ ಎಣಿಸಿದೆ.

ನಾಲ್ಕು ದಿನ ಕಳೆದು ಗುರುವಾರ ಬೆಳಗ್ಗೆ ಏಳಕ್ಕೆ ಸಾರ್ ಫೋನ್ ಮಾಡಿದರು. "ಬರ್ತೀಯಾ? ಗಾಳಿ ಚೆನ್ನಾಗಿದೆ." ನಾನು, ಭಾಯ್, ಭಾನುವಾರದಿಂದ ಅಲ್ಲೇ ಉಳಿದಿದ್ದ ಎಂಜಿನಿಯರ್, ಅಷ್ಟೇ ಜನ. ಎಂಜಿನ್ ಚಾಲೂ ಆಯಿತು. ವಿಮಾನ ಓಡತೊಡಗಿ ಮೂತಿ ಬಲಕ್ಕೆ ಗೇಣುದ್ದ ಸರಿಯಿತು, ಸರಿದ ಕ್ಷಣವೇ ನೆಟ್ಟಗಾಯಿತು. ನನ್ನ ಎಡಗಾಲು ನಿಂತ ನೆಲವನ್ನೇ ಒತ್ತುತ್ತಿತ್ತು. ಚಕ್ರ ನೆಲ ಬಿಟ್ಟಿತು. ಅಂತರಘಟ್ಟೆ ಕಡೆಗೆ ಒಂದು ಸುತ್ತು ಹಾಕಿ, ಹದಿನಾಲ್ಕು ನಿಮಿಷಕ್ಕೆ ಇಳಿದರು. ಇಳಿದವರೇ ಒಂದು ಲೋಟ ಕಾಫಿ ಕೇಳಿದರು, ಕುಡಿಯುತ್ತ ಎಡಗಾಲಿನಿಂದ ನೆಲ ತಟ್ಟುತ್ತಿದ್ದರು.

ನೀವೂ ಒಂದಲ್ಲ ಒಂದು ದಿನ ಹಳೆಯದಕ್ಕೆ ಬೇರೆಯದನ್ನು ಕೂರಿಸುತ್ತೀರಿ, ವಿಮಾನ ಅಲ್ಲದಿದ್ದರೂ ಮನೆಯ ಹಿರಿಯರಿಗೆ ಗೇರಿಲ್ಲದ ಸ್ಕೂಟರು, ಅಂಗಡಿಯ ಗುಮಾಸ್ತರಿಗೆ ಕಂಪ್ಯೂಟರು. ಮೆಶಿನ್ನಿಗೆ ಇಟ್ಟ ಹಣದಲ್ಲೇ ಒಂದು ಪಾಲು ಆ ಮನುಷ್ಯನ ಕೈಕಾಲು ಪಳಗಲು ತೆಗೆದಿಡಿ. ತಪ್ಪಿದಾಗ ಪಕ್ಕದಲ್ಲಿ ನಿಂತು ತಿದ್ದಬೇಡಿ, ತಪ್ಪಿದೆ ಎಂದು ಅವರೇ ಬಂದು ಹೇಳುವವರೆಗೆ ಕಾಯಿರಿ. ಅದನ್ನು ಹೇಳಿದ ದಿನ ಅವರು ಕಲಿತರು ಎಂದು ತಿಳಿಯಿರಿ. ಇನ್ನು ಕೊನೆಯದು: ಯಾವತ್ತು ಶುರು ಮಾಡಬೇಕೆಂಬುದನ್ನು ನಡೆಸುವವರಿಗೇ ಬಿಡಿ. ಅದಕ್ಕೆ ಮುಂಚೆ ಅಡುಗೆಯವರಿಗೆ ಅಡ್ವಾನ್ಸ್ ಕೊಡಬೇಡಿ.