ದೊಡ್ಡಕ್ಕ ಉಳಿಸಿಕೊಂಡ ಮದ್ದು

ಸಾಕುಪ್ರಾಣಿಗಳ ಆ ಆಸ್ಪತ್ರೆಯಲ್ಲಿ ಅಕ್ಕತಂಗಿಯರಿಬ್ಬರೂ ನರ್ಸುಗಳು. ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಡಾಕ್ಟರರಿಂದ ಹಿಡಿದು ನೆಲ ಒರೆಸುವವಳವರೆಗೆ ಎಲ್ಲರಿಗೂ ಒಬ್ಬಳು ದೊಡ್ಡಕ್ಕ, ಇನ್ನೊಬ್ಬಳು ಚಿಕ್ಕಕ್ಕ. ಅಪ್ಪ ತೀರಿಕೊಂಡ ಮೇಲೆ ಹೊಟ್ಟೆಬಟ್ಟೆ ಕಟ್ಟಿ ತಂಗಿಯನ್ನು ಓದಿಸಿದವಳು, ತನ್ನ ಪಕ್ಕದಲ್ಲೇ ಕೆಲಸಕ್ಕೆ ನಿಲ್ಲಿಸಿಕೊಂಡವಳು ದೊಡ್ಡಕ್ಕ. ಅರಿವಳಿಕೆ ಕೊಟ್ಟ ನಾಯಿಯ ಉಸಿರು ನೋಡುವುದು, ಒಸಡಿನ ಬಣ್ಣ ನೋಡುವುದು, ತಾನಾಗಿ ನುಂಗತೊಡಗಿದ ಮೇಲಷ್ಟೇ ಗಂಟಲಿನ ಕೊಳವೆ ತೆಗೆಯುವುದು, ಎಲ್ಲವನ್ನೂ ಅವಳೇ ಕಲಿಸಿದ್ದಳು.

"ಡಾಕ್ಟರ ಕಣ್ಣು ಗಾಯದ ಮೇಲಿರುತ್ತೆ, ನಿನ್ನ ಕಣ್ಣು ಜೀವದ ಮೇಲಿರ್ಲಿ" ಅನ್ನುತ್ತಿದ್ದಳು. ಬೆಕ್ಕು ಪರಚಿ ತಂಗಿ ಚೀರಿದರೆ, "ಪರಚ್ತು ಅಂದ್ರೆ ಬದುಕಿದೆ ಅಂತ, ಖುಷಿಪಡೇ!" ಎಂದು ನಗುತ್ತಿದ್ದಳು.

ಸ್ಕೂಟರಿನಿಂದ ಬಿದ್ದು ದೊಡ್ಡಕ್ಕನ ಸೊಂಟಕ್ಕೆ ಪೆಟ್ಟಾಯಿತು. ಕೆಲ ತಿಂಗಳು ಮಲಗಿದ್ದು, ವಾಸಿಯಾಯಿತೆಂದು ಮರಳಿ ಬಂದಳು. ಅವಳು ಬಂದಮೇಲೆ ಆಪರೇಷನ್ನಾದ ನಾಯಿಗಳು ಎಚ್ಚರಾಗುತ್ತಲೇ ಗೋಳಿಡತೊಡಗಿದವು. ಮಂಪರಿನ ಕೂಗು ಬೇರೆ, ನೋವಿನ ಕೂಗು ಬೇರೆ. ಇದು ನೋವಿನದೇ ಅಲ್ಲವೇ ಎಂದು ಚಿಕ್ಕಕ್ಕ ಕೇಳಿಯೇಬಿಟ್ಟಳು.

"ಒಂದೊಂದು ನಾಯಿ ಒಂದೊಂದು ಥರ ಕಣೇ" ಎಂದಳು ದೊಡ್ಡಕ್ಕ.

ಅಕ್ಕನ ಮಾತು. ತಂಗಿ ನಂಬಿದಳು.

ಒಂದು ಬೆಳಗ್ಗೆ ದರ್ಜಿಯೊಬ್ಬ ಕಾಲು ಮುರಿದ ಮುದಿ ನಾಯಿಯನ್ನು ಎತ್ತಿಕೊಂಡು ಬಂದ. ಅದು ದಿನವಿಡೀ ಅವನ ಹೊಲಿಗೆ ಯಂತ್ರದ ಕೆಳಗೇ ಮಲಗುವ ನಾಯಿ. "ಇವಳಿಗೆ ನೋವಾಗದ ಹಾಗೆ ನೋಡ್ಕೊಳಮ್ಮ" ಎಂದ. ಆಪರೇಷನ್ನಿಗೆ ಮುಂಚೆ ಕೊಡುವ, ಅಫೀಮಿನ ಜಾತಿಯ ನೋವಿನ ಮದ್ದು ಬೀಗ ಹಾಕಿದ ಬೀರುವಿನಲ್ಲಿರುತ್ತಿತ್ತು. ದೊಡ್ಡಕ್ಕನೇ ತೆಗೆದು ತಂದು ಚುಚ್ಚಿದಳು.

ಕತ್ತರಿ ಇಟ್ಟದ್ದೇ ತಡ, ನಾಯಿಯ ಎದೆಬಡಿತ ಓಡತೊಡಗಿತು. "ಗ್ಯಾಸ್ ಜಾಸ್ತಿ ಮಾಡು" ಎಂದರು ಡಾಕ್ಟರು. ಚಿಕ್ಕಕ್ಕ ಅರಿವಳಿಕೆಯ ಗ್ಯಾಸನ್ನು ಹೆಚ್ಚಿಸಿದಳು. ಸ್ವಲ್ಪ ಹೊತ್ತಿಗೆ ಇನ್ನೂ ಬೇಕಾಯಿತು. ಅಷ್ಟು ಗ್ಯಾಸನ್ನು ಆ ಮುದಿ ಹೃದಯ ತಾಳಲಿಲ್ಲ. ರಕ್ತದ ಒತ್ತಡ ಕುಸಿಯಿತು, ನಾಲಿಗೆ ಬೂದಿಬಣ್ಣಕ್ಕೆ ತಿರುಗಿತು. ಎದೆ ಒತ್ತಿದರು, ಮದ್ದು ಕೊಟ್ಟರು. ನಾಯಿ ಹೋಗಿಬಿಟ್ಟಿತು.

"ನೋವಿನ ಇಂಜೆಕ್ಷನ್ ಹತ್ತಿದ್ದಿದ್ರೆ ಇಷ್ಟು ಗ್ಯಾಸ್ ಬೇಕಾಗ್ತಾನೇ ಇರ್ಲಿಲ್ಲ" ಎಂದು ಡಾಕ್ಟರು ಗೊಣಗಿದರು. ಚಿಕ್ಕಕ್ಕ ತಿರುಗಿ ನೋಡಿದಳು. ಅಕ್ಕ ಅಲ್ಲಿರಲಿಲ್ಲ.

ಸಾಮಾನು ಕೋಣೆಯ ಸ್ಟೂಲಿನ ಮೇಲೆ ಅಂಗಿಯ ತೋಳು ಮೇಲೇರಿಸಿಕೊಂಡು ಕೂತಿದ್ದಳು. ಕೈಯಲ್ಲಿ ಸಿರಿಂಜು.

"ನಾಯಿಗೆ ಏನು ಕೊಟ್ಟೆ, ಅಕ್ಕ?"

"ನೀರು."

ತಂಗಿ ಅವಳ ಕೈಯಿಂದ ಸಿರಿಂಜನ್ನು ಕಿತ್ತುಕೊಂಡಳು.

"ನಂಗೂ ಸೊಂಟದ ನೋವು ತಡ್ಕೊಳ್ಳೋಕಾಗ್ಲಿಲ್ಲ ಕಣೇ. ಮೊದಮೊದಲು ಸೀಸೇಲಿ ಉಳಿದದ್ದು ಮಾತ್ರ ತಗೋತಿದ್ದೆ. ಆಮೇಲೆ ಉಳಿಸೋಕೆ ಶುರುಮಾಡ್ದೆ." ದೊಡ್ಡಕ್ಕ ತಂಗಿಯ ಕೈ ಹಿಡಿದುಕೊಂಡಳು. "ಹೇಳ್ಬೇಡ. ನಾನೇ ಬಿಟ್ಬಿಡ್ತೀನಿ."

"ಮಧ್ಯಾಹ್ನ ಇನ್ನೊಂದು ಬೆಕ್ಕಿದೆ, ಅಕ್ಕ" ಎಂದು ಚಿಕ್ಕಕ್ಕ ಕೈ ಬಿಡಿಸಿಕೊಂಡಳು. ನೇರ ಡಾಕ್ಟರ ಬಳಿ ಹೋಗಿ ಹೇಳಿಬಿಟ್ಟಳು.

ಡಾಕ್ಟರು ದರ್ಜಿಯಿಂದ ಏನನ್ನೂ ಮುಚ್ಚಿಡಲಿಲ್ಲ. ಅವನು ಕೂಗಾಡಲಿಲ್ಲ. "ಅವಳಿಗೆ ಎಚ್ಚರ ಇತ್ತಾ?" ಎಂದಷ್ಟೇ ಕೇಳಿದ. ಇರಲಿಲ್ಲ ಎಂದಾಗ ತಲೆಯಾಡಿಸಿ, ನಾಯಿಯನ್ನು ತಾನೇ ತಂದಿದ್ದ ಬಟ್ಟೆಯಲ್ಲಿ ಸುತ್ತಿ, ಮಗುವಿನಂತೆ ಹೆಗಲಿಗೆ ಹಾಕಿಕೊಂಡು ನಡೆದ.

ದೊಡ್ಡಕ್ಕನ ಕೆಲಸ ಹೋಯಿತು. "ಅನ್ನ ಹಾಕಿದ ಕೈಯನ್ನೇ ಕಚ್ಚಿದೆಯಲ್ಲೇ" ಎಂದು ಅಮ್ಮ ಚಿಕ್ಕಕ್ಕನ ಮೇಲೆ ಮುರಿದುಬಿದ್ದಳು. ದೊಡ್ಡಕ್ಕನನ್ನು ಚಟ ಬಿಡಿಸುವ ಚಿಕಿತ್ಸೆಗೆ ಸೇರಿಸಿದರು. ಒಂದು ಸಲ ಓಡಿಬಂದಳು, ಮತ್ತೆ ಸೇರಿಸಿದರು. ಕೊನೆಗೂ ಬಿಟ್ಟಳು, ಮದ್ದನ್ನೂ, ತಂಗಿಯನ್ನೂ. ಬೇರೆ ಕೋಣೆ ಹಿಡಿದು, ಒಂದು ಬೇಕರಿಯಲ್ಲಿ ಡಬ್ಬಿ ಕಟ್ಟುವ ಕೆಲಸಕ್ಕೆ ಸೇರಿಕೊಂಡಳು.

ಒಂದು ಭಾನುವಾರ ಚಿಕ್ಕಕ್ಕ ಹಣ್ಣು ಹಿಡಿದು ಹೋದಳು. ದೊಡ್ಡಕ್ಕ ಬಾಗಿಲನ್ನು ಅರ್ಧ ತೆರೆದಳು. ಸೊರಗಿದ್ದಳು, ಆದರೆ ಕಣ್ಣುಗಳು ತಿಳಿಯಾಗಿದ್ದವು.

"ನೀನು ಮಾಡಿದ್ದು ಸರೀನೇ. ಸರಿ ಅಂತ ಗೊತ್ತಿದ್ದೂ ನಿನ್ನ ಮುಖ ನೋಡೋಕಾಗ್ತಿಲ್ಲ ಕಣೇ. ಹೋಗು."

ಬಾಗಿಲು ಮುಚ್ಚಿತು. ಚಿಕ್ಕಕ್ಕ ಹಣ್ಣಿನ ಚೀಲವನ್ನು ಹೊಸ್ತಿಲ ಪಕ್ಕಕ್ಕಿಟ್ಟು ಮೆಟ್ಟಿಲಿಳಿದಳು.